ಕೊಳ್ಳುವವರಿಗೆ ಹೇಳಬೇಕಾದ ಮಾತು

ಅಜ್ಜಂಪುರ
8 ಜೂನ್ 2025

ಮಗಳೇ ತನುಜಾ,

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ನನ್ನ ಕಿವಿಯೊಂದನ್ನು ಬಿಟ್ಟು. ಮೊನ್ನೆ ನೀನು ಫೋನ್ ಮಾಡಿದಾಗ ನಾನು ಕೂಗಿದ್ದು ಕೇಳಿ ಎದುರಿನ ಗೊಬ್ಬರದಂಗಡಿಯವನು, 'ಏನಪ್ಪಾ ಸೋಮಶೇಖರಪ್ಪ, ಮಗ್ಳಿಗೆ ಗಂಡು ಗೊತ್ತಾಯ್ತಂತಲ್ಲ' ಎನ್ನುತ್ತ ಎದ್ದೇ ಬಂದ. ಜೀವಮಾನವೆಲ್ಲ ಪಂಪ್‌ಸೆಟ್ ಮೋಟರುಗಳ ಪಕ್ಕ ಕೂತವನ ಕಿವಿ ಇನ್ನೇನಾದೀತು! ಅದಕ್ಕೇ ಈ ಕಾಗದ. ಕಾಗದಕ್ಕೆ ಕೂಗಲು ಬರುವುದಿಲ್ಲ.

ನಿನ್ನ ಧರ್ಮೇಶ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದ. ಅಂಬಮ್ಮನವರು ಗಂಡ ಹೋದ ಮೇಲೂ ತರೀಕೆರೆಯ ಕೊಬ್ಬರಿ ಮಂಡಿಯನ್ನು ಮುಚ್ಚದೆ ನಡೆಸುತ್ತಿದ್ದಾರಂತೆ. ಕೂತವರೇ ನನ್ನ ಮೇಜಿನ ಮೇಲಿದ್ದ ತಾಮ್ರದ ತಂತಿ ಎತ್ತಿ, 'ಇದು ಯಾವ ಗೇಜು ಕಣ್ರೀ?' ಎಂದು ಕೇಳಿದರು. ಆಗಲೇ ನನಗೆ ಸಂಬಂಧ ಹಿಡಿಸಿಬಿಟ್ಟಿತು. ಹುಡುಗ ಮಾತು ಕಡಿಮೆ. ತೋಟಗಾರಿಕೆ ಇಲಾಖೆಯವನಾದರೂ ಅಂಗಿಯಲ್ಲಿ ಮಣ್ಣಿತ್ತು. ಅದೂ ಹಿಡಿಸಿತು.

ಈಗ ಒಂದು ಮಾತು. ಬರೆಯಲೋ ಬೇಡವೋ ಎಂದು ಎರಡು ಹಾಳೆ ಹರಿದು ಹಾಕಿದೆ. ನಿನ್ನ ಅಪ್ಪ ಅಮ್ಮ ಇಬ್ಬರನ್ನೂ ಕೊಂಡೊಯ್ದ ಕಾಯಿಲೆ, ನೀನು ಹುಟ್ಟುವಾಗಲೇ ನಿನಗೆ ಬಂದದ್ದು, ಚಿಕ್ಕಂದಿನಿಂದ ನೀನು ನುಂಗುತ್ತಿರುವ ಆ ಮಾತ್ರೆ, ಇವೆಲ್ಲ ಅವರಿಗೆ ಗೊತ್ತಿದೆಯೇ? ನನ್ನ ಅಂಗಡಿಯ ಪದ್ಧತಿ ನಿನಗೆ ಗೊತ್ತು. ಒಮ್ಮೆ ಸುಟ್ಟು, ಮತ್ತೆ ತಂತಿ ಸುತ್ತಿದ ಮೋಟರನ್ನು ಮಾರುವಾಗ ಕೊಳ್ಳುವವರು ಕೇಳುವ ಮೊದಲೇ ಹೇಳಿಬಿಡುತ್ತೇನೆ, 'ಇದು ಸುಟ್ಟಿದ್ದು ಕಣಪ್ಪ, ಬೇಕಾದ್ರೆ ತಗೋ' ಎಂದು. ಇದರಿಂದ ಗಿರಾಕಿ ಹೋಗಿದ್ದಾರೆ, ಹೆಸರು ಹೋಗಿಲ್ಲ. ಹೇಳದೆ ಕೊಟ್ಟ ಹೆಣ್ಣು ಎಂದು ನಾಳೆ ಯಾರೂ ನಿನ್ನನ್ನು ಆಡಿಕೊಳ್ಳಬಾರದು. ಅಷ್ಟೇ ನನ್ನ ಚಿಂತೆ.

ದೊಡ್ಡಮ್ಮ ನಿನಗೆ ಹುರಿಗಾಳು ಕಳಿಸಿದ್ದಾಳೆ.

ನಿನ್ನ ದೊಡ್ಡಪ್ಪ
ಸೋಮಶೇಖರಪ್ಪ


ರಾಯಚೂರು
20 ಜೂನ್ 2025

ದೊಡ್ಡಪ್ಪನವರಿಗೆ ನಮಸ್ಕಾರ.

ಹುರಿಗಾಳು ತಲುಪಿತು. ಇಲ್ಲಿ ಬೀಜ ಪರೀಕ್ಷೆಯ ಕೊಠಡಿಯಲ್ಲಿ ಎಲ್ಲರೂ ಹಂಚಿಕೊಂಡು ತಿಂದೆವು. ಮುಂಗಾರು ಶುರುವಾದ್ದರಿಂದ ದಿನವೂ ತೊಗರಿ, ಹತ್ತಿ ಬೀಜದ ಚೀಲ ಬಂದು ಬೀಳುತ್ತಿವೆ. ಬಿತ್ತಿದರೆ ಮೊಳೆಯುತ್ತದೆಯೇ ಇಲ್ಲವೇ ಎಂದು ಹೇಳುವುದು ನನ್ನ ಕೆಲಸ.

'ಆ ಕಾಯಿಲೆ' ಎಂದು ಬರೆದಿದ್ದೀರಿ. ಎಚ್‌ಐವಿ ಎಂದೇ ಬರೆಯಿರಿ ದೊಡ್ಡಪ್ಪ. ಮೂರಕ್ಷರ ಬರೆದರೆ ಪೆನ್ನಿಗೆ ಏನೂ ಹತ್ತುವುದಿಲ್ಲ.

ಧರ್ಮೇಶ್‌ಗೆ ಗೊತ್ತು. ಮದುವೆಯ ಮಾತು ಬರುವ ಮೊದಲೇ ಹೇಳಿದ್ದೆ. ಎಷ್ಟೋ ವರ್ಷಗಳಿಂದ ನನ್ನ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆ ಇದೆ. ಹಾಗಿರುವವರೆಗೆ ಅದು ಗಂಡನಿಗೆ ದಾಟುವುದಿಲ್ಲ. ಅವರು ನನ್ನ ಜೊತೆ ಆಸ್ಪತ್ರೆಗೂ ಬಂದು ಡಾಕ್ಟರ ಬಾಯಲ್ಲೇ ಕೇಳಿಕೊಂಡಿದ್ದಾರೆ.

ಉಳಿದ ಮಾತು ಆ ಮನೆಗೂ ನನಗೂ ಬಿಟ್ಟದ್ದು. ಅದನ್ನು ನನಗೇ ಬಿಡಿ.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ.

ತನುಜಾ


ಅಜ್ಜಂಪುರ
6 ಜುಲೈ 2025

ಮಗಳೇ ತನುಜಾ,

ನಿನ್ನ ಕಾಗದ ಓದಿ ಸಮಾಧಾನವಾಯಿತು, ಆಮೇಲೆ ಸಮಾಧಾನ ಹೋಯಿತು. ಧರ್ಮೇಶನ ಬಗ್ಗೆ ನೀನು ಬರೆದೆ. ಅಂಬಮ್ಮನವರ ಬಗ್ಗೆ ಒಂದು ಸಾಲೂ ಇಲ್ಲ. ಎರಡು ಸಲ ತಿರುಗಿಸಿ ನೋಡಿದೆ.

ಇನ್ನೊಂದು ವಿಷಯ. ನಾನು ಏಳನೇ ಕ್ಲಾಸಿನವನು, ಆದರೆ ಪತ್ರಿಕೆಯ ವಿಜ್ಞಾನದ ಪುಟ ಬಿಟ್ಟವನಲ್ಲ. ಹೋದ ವಾರ ಅದರಲ್ಲಿ ನಿನ್ನ ವಿಷಯವೇ ಬಂದಿತ್ತು. ವರ್ಷಗಟ್ಟಲೆ ತಪ್ಪದೆ ಮಾತ್ರೆ ತಿಂದವರಲ್ಲೂ ವೈರಸ್ಸು ಪೂರ್ತಿ ಹೋಗುವುದಿಲ್ಲವಂತೆ. ರಕ್ತದ ಕೆಲವು ಕಣಗಳ ಒಳಗೆ ಅಡಗಿ ಕೂರುತ್ತದಂತೆ. ಅಷ್ಟೇ ಅಲ್ಲ, ಆ ಕಣಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವಂತೆ! ಓದಿ ನನಗೆ ನಮ್ಮ ಹೊಲದ ಜೇಕು ನೆನಪಾಯಿತು. ಔಷಧ ಹೊಡೆದರೆ ಮೇಲಿನ ಹುಲ್ಲು ಒಣಗುತ್ತದೆ, ನೋಡಿದವರು ಹೊಲ ಹಸನಾಯಿತು ಎನ್ನುತ್ತಾರೆ. ಮಣ್ಣಿನ ಕೆಳಗೆ ಗಡ್ಡೆಗೆ ಗಡ್ಡೆ ಹುಟ್ಟುತ್ತಲೇ ಇರುತ್ತದೆ.

ನಿನ್ನ ಆಸ್ಪತ್ರೆಯವರು ಮೇಲಿನ ಹುಲ್ಲು ನೋಡಿ ಹೇಳುತ್ತಿದ್ದಾರೋ ಏನೋ. ಈ ಗಡ್ಡೆಯ ವಿಷಯ ಧರ್ಮೇಶನಿಗೆ ಗೊತ್ತೇ? ಅವನ ತಾಯಿಗೆ? ಆ ಹೆಂಗಸು ನನ್ನನ್ನು ಬೀಗರೇ ಎಂದು ಕರೆದು ಹೋಗಿದ್ದಾರೆ.

ಬೇಗ ಬರೆ. ನಿನ್ನ ಮೇಲೆ ಸಂಶಯವಲ್ಲ. ನಿನ್ನ ಒಳ್ಳೆಯದಕ್ಕೇ.

ದೊಡ್ಡಪ್ಪ


ಅಜ್ಜಂಪುರ
24 ಜುಲೈ 2025

ಮಗಳೇ,

ನಿನ್ನ ಉತ್ತರ ಬರಲಿಲ್ಲ. ಬರೆಯಲು ನಿನಗೆ ಮನಸ್ಸಾಗುತ್ತಿಲ್ಲ ಎಂದುಕೊಂಡೆ. ಹೇಳಲು ನಾಚಿಕೆ ಇರಬಹುದು, ಆ ಭಾರ ಹಿರಿಯನಾದ ನಾನು ಹೊರಬೇಕು ಎನ್ನಿಸಿತು.

ಮಂಗಳವಾರ ತಂತಿ ತರಲು ಕಡೂರಿಗೆ ಹೋಗಿದ್ದೆ. ಅಲ್ಲಿಂದ ಬೀರೂರಿಗೆ ಬಂದು ತರೀಕೆರೆ ಬಸ್ಸು ಹತ್ತಿದೆ. ಅಂಬಮ್ಮನವರನ್ನು ಮಂಡಿಯಲ್ಲೇ ಕಂಡು ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾಯಿಲೆಯ ವಿಷಯ, ಮಾತ್ರೆಯ ವಿಷಯ, ಗಡ್ಡೆಯ ವಿಷಯ. ಅವರು ಕೇಳಿಸಿಕೊಂಡರು. ಕಾಫಿ ಕೊಟ್ಟರು. ಧರ್ಮೇಶನನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸುತ್ತೇನೆ ಎಂದರು, ನಾನೇ ಬೇಡವೆಂದೆ.

ಮನಸ್ಸು ಹಗುರಾಗಿದೆ. ನೀನು ಗಾಬರಿಯಾಗಬೇಡ.

ದೊಡ್ಡಪ್ಪ


ರಾಯಚೂರು
3 ಆಗಸ್ಟ್ 2025

ದೊಡ್ಡಪ್ಪ,

ನಿಮ್ಮ ಎರಡೂ ಕಾಗದ ಒಂದೇ ದಿನ ಓದಿದೆ. ಮೂರು ವಾರಕ್ಕೂ ಹೆಚ್ಚು ದಿನ ನಾನು ಸಿಂಧನೂರಿನ ಕಡೆ ಬೀಜದ ತಾಕು ನೋಡಲು ಹೋಗಿದ್ದೆ. ನಾಚಿಕೆಯಿಂದ ಸುಮ್ಮನಿದ್ದದ್ದಲ್ಲ. ಕೆಸರಲ್ಲಿ ನಿಂತಿದ್ದೆ.

ಅಂಬಮ್ಮನವರು ಅಲ್ಲಿಗೇ ಫೋನ್ ಮಾಡಿದ್ದರು. ಮಂಡಿಯಲ್ಲಿ ಅವರೊಬ್ಬರೇ ಇರಲಿಲ್ಲ ಎಂಬುದನ್ನು ನೀವು ಬರೆದಿಲ್ಲ. ಧರ್ಮೇಶರ ಚಿಕ್ಕಪ್ಪ ಓಂಕಾರೇಶ್ ತಕ್ಕಡಿಯ ಹತ್ತಿರ ಇದ್ದರು. ಪಂಚನಹಳ್ಳಿಯಿಂದ ಕೊಬ್ಬರಿ ತಂದವರು ಇದ್ದರು. ಈಗ ಓಂಕಾರೇಶ್, 'ಆ ಹುಡುಗಿ ಈ ಮನೆಗೆ ಬರೋದಾದ್ರೆ ಮಂಡಿ ಪಾಲಾಗ್ಲಿ' ಎನ್ನುತ್ತಿದ್ದಾರೆ. ಅವರ ಹೆಂಡತಿ ಇನ್ನೂ ಹುಟ್ಟದ ನನ್ನ ಮಕ್ಕಳ ಬಗ್ಗೆ ಬೀದಿಯಲ್ಲಿ ಮಾತಾಡುತ್ತಿದ್ದಾರೆ. ಧರ್ಮೇಶ್ ಮಾತು ಬದಲಿಸಿಲ್ಲ. ಆದರೆ ಅವರ ದನಿಯಲ್ಲಿ ನಿದ್ದೆಯಿಲ್ಲ. ಮದುವೆ ನಡೆಯುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.

ಅಂಬಮ್ಮನವರಿಗೆ ಮೊದಲೇ ಗೊತ್ತಿತ್ತು ದೊಡ್ಡಪ್ಪ. ಯುಗಾದಿಗೆ ಮುಂಚೆ ನಾನೇ ಹೋಗಿ ಹೇಳಿದ್ದೆ. ನಿಮ್ಮ ಅಂಗಡಿಗೆ ಬಂದಾಗ ಅವರು ಎಲ್ಲ ತಿಳಿದೇ ಬಂದಿದ್ದರು.

ನೀವು ಓದಿದ್ದು ಸುಳ್ಳಲ್ಲ. ಅರ್ಧ ನಿಜ. ವೈರಸ್ಸು ತನ್ನ ಬರಹವನ್ನು, ಅಂದರೆ ತನ್ನಂಥದ್ದನ್ನೇ ಮತ್ತೆ ಮಾಡುವ ಸೂತ್ರವನ್ನು, ಕೆಲವು ಕಣಗಳೊಳಗೆ ಸೇರಿಸಿ ಮಲಗಿದೆ. ಮೈಯ ಬೇರೆ ಕಣಗಳಂತೆ ಅವೂ ಒಂದು ಎರಡಾಗುತ್ತವೆ, ಒಳಗಿನ ಬರಹವೂ ಅವುಗಳ ಜೊತೆ ನಕಲಾಗುತ್ತದೆ. ಹೆಚ್ಚುವುದು ಆ ಕಣಗಳು. ವೈರಸ್ಸು ಹೊರಗೆ ಬಂದು ಹೊಸ ಕಣವನ್ನು ಹಿಡಿಯುತ್ತಿಲ್ಲ, ಮಾತ್ರೆ ಅದಕ್ಕೆ ಬಿಡುವುದಿಲ್ಲ. ಒಳಗಿರುವುದರಲ್ಲಿ ಬಹುಪಾಲು ಜೊಳ್ಳು. ನಾನು ದಿನವೂ ಒದ್ದೆ ಕಾಗದದ ಮೇಲೆ ಇಟ್ಟು ನೋಡುವ ಬೀಜಗಳಲ್ಲಿ ಕೆಲವು ಇರುತ್ತವಲ್ಲ, ನೋಡಲು ಬೀಜ, ಎಂದೂ ಮೊಳೆಯುವುದಿಲ್ಲ, ಹಾಗೆ. ಗಟ್ಟಿ ಇರುವವು ಮಾತ್ರೆಯ ವರ್ಷಗಳಲ್ಲಿ ಕಡಿಮೆಯಾಗುತ್ತ ಬರುತ್ತವೆ. ಉಳಿದವು ಹೆಚ್ಚಾಗಿ ಆ ಕಣಗಳು ತೆರೆದು ಓದದ ಮೂಲೆಗಳಲ್ಲಿ ಬಿದ್ದಿರುತ್ತವೆ. ಪೂರ್ತಿ ಹೋಗುವುದಿಲ್ಲ ಎಂಬುದೂ ನಿಜ. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಎದ್ದು ಬರುತ್ತದೆ. ನಾನು ಬಿಡುವುದಿಲ್ಲ. ಜೇಕು ಪಕ್ಕದ ಹೊಲಕ್ಕೆ ಹೋಗುತ್ತದೆ, ಇದು ನನ್ನ ಮೈಯ ಬೇಲಿ ದಾಟುವುದಿಲ್ಲ. ಇದನ್ನೆಲ್ಲ ನಾನು ಅಂಬಮ್ಮನವರಿಗೆ ಹೇಳಿದ್ದೆ. ನಿಮಗೆ ಹೇಳಿರಲಿಲ್ಲ.

ಯಾಕೆ ಹೇಳಿರಲಿಲ್ಲ ಗೊತ್ತೇ? ನಮ್ಮ ಮನೆಯಲ್ಲಿ ಊಟವಾದ ಮೇಲೆ ಎಲ್ಲರೂ ತಟ್ಟೆಗೆ ನೀರು ಹಾಕಿ ಬಳಿದು ಕುಡಿಯುತ್ತಿದ್ದಿರಿ, ಪ್ರಸಾದ ಒಂದಗುಳೂ ಹಾಳಾಗಬಾರದೆಂದು. ಆಮೇಲೆ ಎಲ್ಲರ ತಟ್ಟೆಯನ್ನೂ ದೊಡ್ಡಮ್ಮ ಎತ್ತುತ್ತಿದ್ದರು. ನನ್ನದೊಂದನ್ನು ನಾನೇ ಹಿತ್ತಲಿಗೆ ಒಯ್ದು ತೊಳೆದು ಬೇರೆ ಗೂಡಿನಲ್ಲಿ ಇಡುತ್ತಿದ್ದೆ. ಬಂದವರು ಕೇಳಿದರೆ ನೀವು, 'ನಮ್ಮ ತನುಜಾ ಎಂಥ ಭಕ್ತೆ ಗೊತ್ತೇನ್ರೀ, ತಟ್ಟೆ ಇನ್ನೊಬ್ರ ಕೈಗೆ ಕೊಡಲ್ಲ' ಎನ್ನುತ್ತಿದ್ದಿರಿ. ಎಲ್ಲರೂ ನನ್ನ ತಲೆ ಸವರುತ್ತಿದ್ದರು. ಅಡಗಿಸುವುದನ್ನು ನನಗೆ ಕಲಿಸಿದ ಮನೆಯವರೇ ಈಗ ಊರಿಗೆ ಸಾರಿ ಬಂದಿದ್ದೀರಿ.

ನನ್ನನ್ನು ಸಾಕಿದಿರಿ. ಓದಿಸಿದಿರಿ. ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದು ನೀವೇ. ಅದನ್ನು ನಾನು ಮರೆತಿಲ್ಲ. ಅದಕ್ಕೇ ಇಷ್ಟು ಬರೆದೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಸ್ವಲ್ಪ ದಿನ ಫೋನ್ ಮಾಡಬೇಡಿ.

ತನುಜಾ


ಅಜ್ಜಂಪುರ
21 ಆಗಸ್ಟ್ 2025

ತನುಜಾ,

ಫೋನ್ ಮಾಡಬೇಡಿ ಎಂದು ನೀನು ಹೇಳಿದ್ದೆ, ನಾನು ಮಾಡಲಿಲ್ಲ. ಬರೆಯಬೇಡಿ ಎಂದಿರಲಿಲ್ಲ. ಆ ಸಂದಿಯಲ್ಲಿ ನುಸುಳಿ ಬರೆಯುತ್ತಿದ್ದೇನೆ.

ಆವತ್ತು ಮಂಡಿಯಲ್ಲಿ ನಡೆದದ್ದನ್ನು ನಾನು ನಿನಗೆ ಬೇರೆ ರೀತಿ ಬರೆದೆ. ಕಾಫಿ ಕೊಟ್ಟರು ಎಂದಿದ್ದೆ. ಕೊಟ್ಟದ್ದು ನಿಜ. ನಾನು ಕುಡಿಯಲಿಲ್ಲ.

ಹೋದಾಗ ಅಂಬಮ್ಮನವರು ಮೂಟೆಗಳ ನಡುವೆ ಕೂತು ಕೊಬ್ಬರಿ ಆರಿಸುತ್ತಿದ್ದರು. ಓಂಕಾರೇಶ್ ತಕ್ಕಡಿಯ ಹತ್ತಿರ ಇದ್ದದ್ದನ್ನು ನಾನು ಕಂಡೆ. ಮಾರಲು ಬಂದವರನ್ನೂ ಕಂಡೆ. ಮೆತ್ತಗೆ ಹೇಳಿದರಾಯಿತು ಎಂದುಕೊಂಡೆ. ಮೆತ್ತಗೇ ಹೇಳುತ್ತಿದ್ದೇನೆ ಎಂದೂ ಅಂದುಕೊಂಡೆ. ನಡುವೆ ಅಂಬಮ್ಮನವರು ಕೈ ಆಡಿಸಿದರು. ಕಾಫಿ ತರಲು ಯಾರನ್ನೋ ಕರೆಯುತ್ತಿದ್ದಾರೆ ಎಂದು ತಿಳಿದು ನಾನು ಮುಂದುವರಿಸಿದೆ. ಸುಟ್ಟ ಮೋಟರು, ಮೇಲಿನ ವಾರ್ನಿಷ್ಷು, ಒಳಗಿನ ದೋಷ, ಜೇಕಿನ ಗಡ್ಡೆ, ಒಂದೂ ಬಿಡಲಿಲ್ಲ. ಅವರು ಎದ್ದು ನನ್ನ ಕಿವಿಯ ಹತ್ತಿರ ಬಂದು ಹೇಳಿದ ಮೇಲೆಯೇ ನನಗೆ ಕೇಳಿದ್ದು.

'ಬೀಗ್ರೇ, ಸಾಕು. ಬಸ್‌ಸ್ಟ್ಯಾಂಡಿಗೆ ಕೇಳ್ತಾ ಐತೆ.'

ನಾನು ತಿರುಗಿ ನೋಡಿದೆ. ತಕ್ಕಡಿ ನಿಂತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

'ನಂಗೆ ಗೊತ್ತು ಕಣ್ರೀ. ನಿಮ್ಮ ಹುಡುಗಿನೇ ಬಂದು ಇದೇ ಮೂಟೆ ಮೇಲೆ ಕೂತು ಹೇಳಿದ್ಲು. ಬೇರು ಹೋಗಲ್ಲ ಅಂತ್ಲೂ ಹೇಳಿದ್ಲು. ನಾನೇನು ಕುಣಿದಾಡ್ಕೊಂಡು ಒಪ್ಪಿದ್ನಾ? ಅನ್ನ ಬಿಟ್ಟೆ, ಮಗನ್ನ ಬೈದೆ, ನಾನೇ ಡಾಕ್ಟ್ರ ಹತ್ರ ಹೋಗಿ ಕೇಳ್ಕೊಂಡ್ ಬಂದೆ. ಅಷ್ಟು ಕಷ್ಟಪಟ್ಟು ನಾನು ನುಂಗಿದ್ದನ್ನ ನೀವು ಬಂದು ಬೀದಿಗೆ ಉಗಿದ್ಬಿಟ್ರಲ್ಲ!'

'ಹೇಳದೆ ಕೊಡಬಾರ್ದು ಅಂತ…' ಎಂದೆ.

'ಕೊಡೋಕೆ ಅವ್ಳೇನು ನಿಮ್ಮಂಗಡಿ ಮೋಟ್ರಾ? ಅವ್ಳ ವಿಷ್ಯ ಹೇಳೋಕೆ ಅವ್ಳಿಗೆ ಬಾಯಿಲ್ವಾ?'

ಅಷ್ಟರಲ್ಲಿ ಓಂಕಾರೇಶ್, 'ಅತ್ಗೆ, ಏನಿದೆಲ್ಲ? ನಮ್ಗೊಂದ್ ಮಾತೂ ಹೇಳ್ಲಿಲ್ಲ!' ಎಂದು ಶುರು ಮಾಡಿದರು. ಅಂಬಮ್ಮನವರು ಅವರ ಕಡೆ ತಿರುಗಿದರು. ನನ್ನ ಕಡೆ ಮತ್ತೆ ನೋಡಲಿಲ್ಲ. ಕಾಫಿ ಬಂತು, ಮೂಟೆಯ ಮೇಲೆ ಇಟ್ಟರು. ನಾನು ಲೋಟ ಮುಟ್ಟದೆ ಎದ್ದು ಬಂದೆ. ಧರ್ಮೇಶನನ್ನು ಕಳಿಸುತ್ತೇನೆ ಎಂದು ಯಾರೂ ಹೇಳಲಿಲ್ಲ. ಅದು ನಾನು ಕಟ್ಟಿ ಬರೆದದ್ದು. ಮನಸ್ಸು ಹಗುರಾಯಿತು ಎಂಬುದೂ ಅಷ್ಟೇ.

ಬಸ್ಸಿನಲ್ಲಿ ಪಕ್ಕದವನು ಏನೋ ಕೇಳಿದ. ಎಂದೂ ಇಲ್ಲದ ಹಾಗೆ, ಕಿವಿ ಕೇಳುವುದಿಲ್ಲ ಎಂದು ಸನ್ನೆ ಮಾಡಿ ಕಿಟಕಿಗೆ ಮುಖ ತಿರುಗಿಸಿದೆ.

ನಿನ್ನ ಕಾಗದವನ್ನು ನಿನ್ನ ದೊಡ್ಡಮ್ಮ ಸಾವಿತ್ರಿಗೆ ಓದಿ ಹೇಳಿದೆ. ತಟ್ಟೆಯ ಮಾತು ಬಂದಾಗ ಅವಳು ಸೆರಗಿನ ತುದಿ ಸುತ್ತುತ್ತ ಕೂತಳು. 'ಹೆದರ್ಕೊಂಡಿದ್ದೆ ಕಣ್ರೀ, ನಮ್ಮ ಮಕ್ಳು ಚಿಕ್ಕೋರು' ಎಂದಳು. ಆಮೇಲೆ, 'ಯಾಕಂತ ನಿಮ್ಗೆ ಗೊತ್ತಿರ್ಲಿಲ್ವಾ?' ಎಂದು ಕೇಳಿದಳು.

'ಗೊತ್ತಿತ್ತು' ಎಂದೆ.

ಗೊತ್ತಿತ್ತು ಮಗಳೇ. ಮುಟ್ಟಿದರೆ, ಜೊತೆಗೆ ಉಂಡರೆ ಅದು ಬರುವುದಿಲ್ಲ ಎಂದು ಆಸ್ಪತ್ರೆಯ ಗೋಡೆಯ ಮೇಲೆ ನಾನೇ ಓದಿದ್ದೆ. ಓದಿದ್ದನ್ನು ಬೇರೆಯವರಿಗೆ ಹೇಳುವ ಹುಚ್ಚು ನನಗೆ. ನನ್ನ ಮನೆಯೊಳಗೆ ಹೇಳಬೇಕಾದಾಗ ಭಕ್ತಿಯ ಹೆಸರು ಕೊಟ್ಟು ಸುಮ್ಮನಾದೆ. ಆಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಈಗ ಮುಚ್ಚಿಕೊಂಡಿರಬೇಕಿತ್ತು, ಮುಚ್ಚಲಿಲ್ಲ.

ನಿನ್ನ ಬೀಜದ ಮಾತು ಅರ್ಥವಾಯಿತು. ಅದನ್ನು ತರೀಕೆರೆಗೆ ಹೋಗಿ ಓಂಕಾರೇಶರಿಗೆ ಹೇಳಿಬರಲೇ ಎಂದು ಚಪ್ಪಲಿ ಮೆಟ್ಟಿದೆ ಕೂಡ. ಸಾವಿತ್ರಿ ಬಾಗಿಲಿಗೆ ಅಡ್ಡ ನಿಂತು, 'ಅವ್ಳನ್ನ ಕೇಳಿದ್ರಾ?' ಎಂದಳು. ಚಪ್ಪಲಿ ಬಿಟ್ಟೆ.

ಅದಕ್ಕೇ ಕೇಳುತ್ತಿದ್ದೇನೆ. ನಾನೇನು ಮಾಡಲಿ?

ಸೋಮಶೇಖರಪ್ಪ


ರಾಯಚೂರು
18 ಸೆಪ್ಟೆಂಬರ್ 2025

ದೊಡ್ಡಪ್ಪನವರಿಗೆ,

ಅಕ್ಟೋಬರ್ ಮೊದಲ ಸೋಮವಾರ ತರೀಕೆರೆಯ ನೋಂದಣಿ ಕಚೇರಿಯಲ್ಲಿ ಮದುವೆ. ಆಮೇಲೆ ಅಂಬಮ್ಮನವರ ಮನೆಯಲ್ಲಿ ಊಟ. ಛತ್ರ ಬೇಡವೆಂದರು. 'ಬರೋರು ಮನೆಗೇ ಬರ್ಲಿ, ನನ್ನ ಸೊಸೆ ಬಡಿಸ್ತಾಳೆ, ಉಣ್ಣೋರು ಉಣ್ಲಿ, ಬಿಡೋರು ಬಿಡ್ಲಿ' ಎಂದು ಎಲ್ಲರಿಗೂ ಹೇಳಿ ಕಳಿಸಿದ್ದಾರಂತೆ. ಓಂಕಾರೇಶ್ ಬರುತ್ತಾರೋ ಇಲ್ಲವೋ ತಿಳಿಯದು.

ಏನು ಮಾಡಲಿ ಎಂದು ಕೇಳಿದ್ದೀರಿ. ನೀವು, ದೊಡ್ಡಮ್ಮ ಇಬ್ಬರೂ ಬನ್ನಿ. ಅಲ್ಲಿ ನನ್ನ ಬಗ್ಗೆ ಯಾರಿಗೂ ಏನನ್ನೂ ವಿವರಿಸಬೇಡಿ. ಒಳ್ಳೆಯದನ್ನೂ ವಿವರಿಸಬೇಡಿ. ನಿಮಗೆ ಇದು ಕಷ್ಟವೆಂದು ಗೊತ್ತು.

ಇನ್ನೂ ಕೋಪವಿದೆ. ಇಟ್ಟುಕೊಂಡೇ ಕರೆಯುತ್ತಿದ್ದೇನೆ.

ತನುಜಾ


ಅಜ್ಜಂಪುರ
10 ಅಕ್ಟೋಬರ್ 2025

ಮಗಳೇ,

ಮದುವೆಯ ದಿನ ನಿನ್ನ ಜೊತೆ ನಾಲ್ಕು ಮಾತು ಆಡಲಾಗಲಿಲ್ಲ. ನೀನು ಬಡಿಸುತ್ತಿದ್ದೆ. ನನ್ನ ಎಲೆಯ ಮುಂದೆ ಬಂದಾಗ, 'ಇನ್ನೊಂದ್ ಸ್ವಲ್ಪ ಅನ್ನ ಹಾಕ್ಲಾ?' ಎಂದು ಕೇಳಿದೆ. ತಲೆ ಎತ್ತಿ ನಿನ್ನ ಮುಖ ನೋಡಲಾಗದೆ ಕೈ ಅಡ್ಡ ಹಿಡಿದೆ. ಹಸಿವಿತ್ತು.

ನಿನಗೆ ಕಾಣಿಸದೆ ಹೋದದ್ದು ಒಂದಿದೆ. ಕೈ ತೊಳೆಯುವಲ್ಲಿ ಓಂಕಾರೇಶ್ ನನ್ನ ಪಕ್ಕ ಬಂದು ನಿಂತರು. ಅವರು ಇನ್ನೂ ಊಟಕ್ಕೆ ಕೂತಿರಲಿಲ್ಲ. ನನ್ನ ಕಿವಿಗೆ ಬಾಯಿಟ್ಟು, 'ಅಲ್ಲ ಬೀಗ್ರೇ, ಆವತ್ತು ಮಂಡೀಲಿ ಏನೋ ಹೇಳಿದ್ರಲ್ಲ, ಗಡ್ಡೆಗೆ ಗಡ್ಡೆ ಹುಟ್ತದೆ ಅಂತ. ಅದು ಹೌದಾ?' ಎಂದರು.

ನಾಲಿಗೆಯ ತುದಿಯಲ್ಲಿ ಎಲ್ಲ ಇತ್ತು. ಕಣ, ಬರಹ, ಜೊಳ್ಳು, ನೀನು ಬರೆದದ್ದು ಬಾಯಿಪಾಠವಾಗಿದೆ. ಸುತ್ತ ಜನರೂ ಇದ್ದರು, ಕೇಳುವ ಮುಖ ಮಾಡಿಕೊಂಡು. ಇಂಥ ಮುಖಗಳ ಮುಂದೆ ನಾನು ಎಂದೂ ಸುಮ್ಮನಿದ್ದವನಲ್ಲ.

'ತಪ್ಪು ಹೇಳಿದೆ. ನನಗೆ ಗೊತ್ತಿರ್ಲಿಲ್ಲ' ಎಂದೆ.

'ಹಂಗಾದ್ರೆ ಸರಿ ಯಾವ್ದು?'

'ಅದು ನನ್ನ ಮಾತಲ್ಲ. ಅವಳ್ನೇ ಕೇಳಿ. ಹೇಳ್ಬೇಕು ಅನ್ನಿಸಿದ್ರೆ ಹೇಳ್ತಾಳೆ.'

'ಅಷ್ಟು ದೂರ ಬಸ್ಸಲ್ಲಿ ಬಂದು ಹೇಳಿದ್ರಿ, ಈಗ ಬಾಯಿ ಬಿದ್ದೋಯ್ತಾ?' ಎಂದು ಎಲ್ಲರ ಮುಂದೆ ನಕ್ಕರು. ನಗಲಿ ಎಂದು ನಿಂತೆ. ಆಮೇಲೆ ಅವರು ಊಟಕ್ಕೆ ಕೂತರೋ, ಹಾಗೇ ಹೋದರೋ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಕೂತಿದ್ದರೆ ಅದು ನಿನ್ನಿಂದ, ನನ್ನಿಂದಲ್ಲ.

ದೀಪಾವಳಿ ಹತ್ತಿರ ಬಂತು. ಮದುವೆಯಾದ ವರ್ಷದ ದೀಪಾವಳಿಗೆ ಮಗಳು ಅಳಿಯನನ್ನು ತವರಿಗೆ ಕರೆಯಬೇಕು. ಕರೆಯುವ ಮುಖ ನನಗಿಲ್ಲ. ಕರೆಯದೆ ಇರಲೂ ಆಗುತ್ತಿಲ್ಲ. ಬೆಳಗ್ಗೆಯಿಂದ ಇದೇ ಕಾಗದದ ಮುಂದೆ ಕೂತಿದ್ದೇನೆ, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು. ಸಾವಿತ್ರಿ ಊಟದ ಡಬ್ಬಿ ಹಿಡಿದುಕೊಂಡು ಬಂದಳು.

'ಏನ್ರೀ ಅದು, ಅಷ್ಟೊತ್ತಿಂದ ಬರೀತಿರೋದು?'

'ತನುಜಾನ್ನ ಹಬ್ಬಕ್ಕೆ ಬಾ ಅಂತ.'

'ಒಂದಕ್ಷರಕ್ಕೆ ಇಷ್ಟು ಹೊತ್ತಾ?' ಎಂದಳು. ಆಮೇಲೆ ಅವಳೂ ಡಬ್ಬಿ ಬಿಚ್ಚದೆ ನನ್ನ ಪಕ್ಕ ಕೂತಳು. ಈಗಲೂ ಕೂತೇ ಇದ್ದಾಳೆ.

ಬಾ.